ಮೊರಿಸ್ ಕಟ್ಟಿದ ಸ್ಪೇನಿನ ಕೋಟೆ

ಡಿಸ್ಕವರಿ ಗಾರ್ಡನ್ಸ್ ಬಡಾವಣೆಯ ನಮ್ಮ ನೆರೆಯ ಮೊರಿಸ್ ಹೋಟೆಲ್ ನೌಕರನಾದರೂ ಹೆಸರು ಮಾಡಿದ್ದು ಕ್ರಿಸ್ಮಸ್ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುವುದರಲ್ಲಿ. ಬಾಲಯೇಸುವಿನ ಬೊಂಬೆ ಮಾತ್ರ ಅವನ ಅಂಗಿಯ ಜೇಬಿನಲ್ಲೇ ಇರುತ್ತದೆ. ಕ್ರಿಸ್ಮಸ್ ರಾತ್ರಿ ಹನ್ನೆರಡು ಹೊಡೆದ ಮೇಲೆಯೇ ಅದಕ್ಕೆ ಹುಲ್ಲಿನ ಹಾಸಿಗೆ.

ಈ ಸಲ ಅವನ ಮಗಳು ಸ್ಟೇಸಿಗೆ ಶಾಲೆಯವರು ಕೆಲಸ ಹಚ್ಚಿದರು: ಮುನ್ನೂರು ವರ್ಷಗಳ ಹಿಂದೆ ಸ್ಪೇನಿನವರು ಅಮೆರಿಕದಲ್ಲಿ ಗಡಿ ಕಾಯಲು ನದಿಯ ದಂಡೆಯ ಮೇಲೆ ಕಟ್ಟಿದ ಮಣ್ಣಿನ ಕೋಟೆಯ ಮಾದರಿ.

"ಗೋದಲಿ ಕಟ್ಟುವವನಿಗೆ ಕೋಟೆ ಯಾವ ಲೆಕ್ಕ ಮಾರಾಯ್ರೆ," ಎಂದ ಮೊರಿಸ್. ಕನ್ನಡಿಯ ತುಂಡು ನದಿಯಾಯಿತು, ಗೋದಲಿಯ ಕುರುಬರು ಕೋವಿ ಹಿಡಿದು ಸಿಪಾಯಿಗಳಾದರು.

ಪ್ರದರ್ಶನದ ದಿನ ಟೀಚರ್ ಕೇಳಿದರು, "ಕೋಟೆಯ ದಳಪತಿ ಎಲ್ಲಿ?"

ಮಗಳ ಪಕ್ಕ ನಿಂತಿದ್ದ ಮೊರಿಸ್ ಬೆಚ್ಚಿ ಜೇಬು ಮುಟ್ಟಿಕೊಂಡ. ದಳಪತಿ ಅಲ್ಲೇ ಇದ್ದ.

ಸ್ಟೇಸಿ ಮಾತ್ರ ನಿಶ್ಚಿಂತೆಯಿಂದ ಹೇಳಿದಳು: "ಮಿಸ್, ಹೀ ಕಮ್ಸ್ ಓನ್ಲಿ ಅಟ್ ಮಿಡ್‌ನೈಟ್."