ಬಳೆ ಅಜ್ಜಿಯ ಡ್ಯಾಮೇಜು

ಅಜ್ಜಿಯ ಬಲಗೈ ಹೆಬ್ಬೆರಳಿನ ಬುಡದಲ್ಲಿ ಗಾಜು ಕೊರೆದ ಸಣ್ಣ ಗೀರುಗಳು, ಒಂದರ ಮೇಲೊಂದು. ಆ ಹೆಬ್ಬೆರಳಿನಿಂದಲೇ ಆಕೆ ನಮ್ಮ ಅಂಗೈ ಒತ್ತಿ, ಮೂಳೆ ಮೆತ್ತಗಾಯಿತೇನೋ ಅನ್ನಿಸುವಂತೆ ಮಡಿಸಿ ಬಳೆ ಏರಿಸುತ್ತಿದ್ದಳು. "ಕೈ ಸಡ್ಲ ಬುಡವ್ವ. ನಾನೇನ್ ಕಿತ್ಕೊಂಡ್ ಓದೇನಾ?"

ಕಳಲೆಯಿಂದ ಬಸ್ಸಿನಲ್ಲಿ ಬಂದು ನಂಜನಗೂಡಿನ ಪೇಟೆಯಲ್ಲಿ ಬಳೆ ಮಾರುತ್ತಿದ್ದಳು. ನಮಗೆಲ್ಲ ಬಳೆ ಅಜ್ಜಿ. ತೊಡಿಸುವಾಗ ಚೂರಾದ ಬಳೆಯ ನಷ್ಟ ಮಾರುವವರದೇ. ಮುತ್ತೈದೆಯ ಎದುರು 'ಒಡೆಯಿತು' ಎನ್ನುವಂತಿಲ್ಲ, ಅಪಶಕುನ. ಅದಕ್ಕೇ ಅಜ್ಜಿ ಒಂದು ಇಂಗ್ಲಿಷ್ ಮಾತು ಇಟ್ಟುಕೊಂಡಿದ್ದಳು. "ಡ್ಯಾಮೇಜ್ ಆಯ್ತು, ತಾಳು, ಇನ್ನೊಂದ್ ಇಕ್ತೀನಿ."

"ಏನಜ್ಜಿ, ಇವತ್ತು ಬರೀ ಡ್ಯಾಮೇಜೇ" ಎಂದು ಅಮ್ಮ ಕೆಣಕಿದರೆ, "ನೀನು ಮಗಳ್ಗೆ ಮುದ್ದೆ ಇಕ್ಕಿ ಕೈ ಊದ್ಸಿದ್ರೆ ನಾನೇನ್ ಮಾಡ್ಲವ್ವ" ಎನ್ನುವಳು.

ನನ್ನ ಮದುವೆಗೂ ಬಳೆ ತೊಡಿಸಿದವಳು ಆಕೆಯೇ. ಅವತ್ತು ಅವಳ 'ಡ್ಯಾಮೇಜ್' ಕೇಳಿ ನಮ್ಮ ಅತ್ತೆಯೂ ನಕ್ಕಿದ್ದರು. ಮದುವೆಯಾಗಿ ತಿ. ನರಸೀಪುರ ಸೇರಿದ ಮೇಲೂ ಪ್ರತಿ ಗೌರಿ ಹಬ್ಬಕ್ಕೆ ತವರಿಗೆ ಹೋದಾಗ ಅವಳ ಕೈಗೇ ಕೈ ಕೊಡುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ನನ್ನ ಯಜಮಾನರು ಎದೆನೋವು ಬಂದು ತೀರಿಕೊಂಡರು. ಹನ್ನೊಂದನೆಯ ದಿನ ಬಳೆ ಒಡೆಯಲು ಹೆಂಗಸರು ಹಿತ್ತಲಲ್ಲಿ ಕಲ್ಲಿನ ಮುಂದೆ ಕೂರಿಸಿದರು. ನಾನು ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡೆ. ನನ್ನನ್ನು ಮಾತಾಡಿಸಲೆಂದು ಬಂದಿದ್ದ ಬಳೆ ಅಜ್ಜಿ ಗುಂಪು ಸರಿಸಿ ಪಕ್ಕದಲ್ಲಿ ಕುಳಿತಳು.

"ನಾನ್ ಇಕ್ಕಿದ್ ಬಳೆ. ನಾನೇ ತಗೀತೀನಿ."

"ತೆಗೆಯೋದಲ್ಲ, ಒಡೀಬೇಕು" ಎಂದರು ನಮ್ಮ ಅತ್ತೆ. "ನಿನ್ ಲೆಕ್ಕದಲ್ಲಿ ಡ್ಯಾಮೇಜ್ ಆಯ್ತು ಅಂದ್ಕೊ."

"ಡ್ಯಾಮೇಜ್ ಅಂದ್ರೆ ಕೈ ತಪ್ಪಿ ಆಗೋದು ಕಣವ್ವ. ಬೇಕೂಂತ ಕಲ್ಗೆ ಕುಟ್ಟೋದ್ಕೆ ಆ ಮಾತ್ ಅನ್ಬ್ಯಾಡ. ಮಗ ಓದ ಸಂಕ್ಟ ನಿಂದು. ಅದ್ನ ಈ ಮಗೀನ್ ಕೈ ಮ್ಯಾಲೆ ತೀರಿಸ್ಕಬ್ಯಾಡ."

ಅತ್ತೆ ಮುಖ ತಿರುಗಿಸಿಕೊಂಡು ಅತ್ತರು. ಆಮೇಲೆ ಅವರೇ ಎದ್ದು ಸೋಪಿನ ನೀರು ತಂದಿಟ್ಟರು. ಅಜ್ಜಿ ಒಂದೊಂದನ್ನೇ ಜಾರಿಸಿ ತೆಗೆದಳು. ಒಂದೂ ಮುಕ್ಕಾಗಲಿಲ್ಲ. ಎಲ್ಲವನ್ನೂ ತನ್ನ ಸೆರಗಿಗೆ ಕಟ್ಟಿಕೊಂಡು, "ನನ್ ತಾವ ಇರ್ಲಿ. ನಿಂಗ್ ಬೇಕು ಅನ್ಸ್ದಾಗ ಬಾ" ಎಂದಳು.

ವರ್ಷ ಕಳೆದ ಮೇಲೆ ಹೋದೆ. ಗಂಟು ಬಿಚ್ಚಿ, ನನ್ನ ಕೈ ಹಿಡಿದು ಅವೇ ಬಳೆಗಳನ್ನು ಮತ್ತೆ ಏರಿಸಿದಳು.

ಹೋದ ತಿಂಗಳು ಅಜ್ಜಿ ತೀರಿಕೊಂಡಳು. ಆ ಬಳೆಗಳಲ್ಲೇ ಕಳಲೆಗೆ ಹೋದೆ. ಮಣ್ಣು ಮಾಡುವ ಗುಂಡಿಯ ಹತ್ತಿರ ಆಕೆಯ ಸೊಸೆ ನನ್ನ ಕೈ ನೋಡಿ, "ನಮ್ಮತ್ತೆ ಇಕ್ಕಿದ್ದಾ?" ಎಂದು ಕೇಳಿದಳು. ಹೌದು ಎಂದೆ.

"ಬಾ ಅಕ್ಕ, ನೀನೂ ಒಂದಿಡಿ ಮಣ್ ಆಕು" ಎಂದು ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.