ಕುಡುಕ ಎನ್ನಿಸಿಕೊಂಡ ವರ್ಷ

ನಾನು ಗಾರೆ ಕೆಲಸದವನು. ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ಬಿಡಿಸಿದರು ಎಂದರೆ ಸುಳ್ಳಾಗುತ್ತದೆ, ನಾನೇ ಬಿಟ್ಟೆ. ಬೆಂಚಿನ ಮೇಲೆ ಕೂರುವುದಕ್ಕಿಂತ ಬಾಂಡ್ಲಿ ಹೊರುವುದು ನನಗೆ ಹಗುರವಾಗಿತ್ತು. ದೇವನೂರಿನಿಂದ ಕವಲಂದೆ ಕಡೆಗೆ ಬೈಕಿನಲ್ಲಿ ಬಂದರೆ ನನ್ನ ಕೈಯಿಂದ ಎದ್ದ ಮನೆಗಳು ಅಲ್ಲೊಂದು ಇಲ್ಲೊಂದು ಸಿಗುತ್ತವೆ. ಯಾವ ಗೋಡೆಯೂ ಬಿರುಕು ಬಿಟ್ಟಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಓದಿದವರು ಸರ್ಟಿಫಿಕೇಟು ತೋರಿಸುತ್ತಾರೆ, ನಾನು ಗೋಡೆ ತೋರಿಸುತ್ತೇನೆ.

ಆ ಗೋಡೆಯ ಮುಂದೆಯೇ ನನಗೆ ಕಾಯಿಲೆ ಬಂತು. ಕವಲಂದೆ ಹತ್ತಿರದ ಒಂದು ಹಳ್ಳಿಯಲ್ಲಿ ಅಡುಗೆಮನೆಗೆ ಪ್ಲಾಸ್ಟರಿಂಗ್ ಮಾಡುತ್ತಿದ್ದೆ. ಕರಣೆ ತುಂಬ ಗಾರೆ ತೆಗೆದುಕೊಂಡು ಕೈ ಎತ್ತಿದವನು ಹಾಗೇ ನಿಂತೆ. ನೋವಿಲ್ಲ, ತಲೆ ಸುತ್ತಿಲ್ಲ. ಈ ಗೋಡೆಗೆ ಗಾರೆ ಮೆತ್ತಿ ಏನಾಗಬೇಕಿದೆ ಎಂಬ ಒಂದೇ ಒಂದು ಯೋಚನೆ ಬಂತು, ಬಂದದ್ದು ಹೋಗಲಿಲ್ಲ. ಕರಣೆಯ ಮೇಲಿನ ಗಾರೆ ಗಟ್ಟಿಯಾಗುವವರೆಗೆ ನಿಂತಿದ್ದೆನಂತೆ. ಹಿಂದಿನಿಂದ ಕೈಯಾಳು ಬಂದು ಭುಜ ಅಲುಗಿಸಿದಾಗ ಎದೆ ಡಬಡಬ ಹೊಡೆದುಕೊಳ್ಳಲು ಶುರುವಾಯಿತು. ಹಾರ್ಟ್ ಅಟ್ಯಾಕು ಎಂದುಕೊಂಡು ನನ್ನನ್ನು ನಂಜನಗೂಡಿಗೆ ಕರೆದುಕೊಂಡು ಹೋದರು. ಇಸಿಜಿ ತೆಗೆದ ಡಾಕ್ಟರು ನಿಮ್ಮ ಎದೆ ಕಲ್ಲಿದ್ದ ಹಾಗೆ ಇದೆ, ಹೋಗಿ ಕೆಲಸ ಮಾಡಿ ಎಂದು ಕಳಿಸಿದರು.

ಕೆಲಸ ಮಾಡಲು ಆಗಲಿಲ್ಲ. ಬೆಳಿಗ್ಗೆ ಎದ್ದರೆ ಎದೆಯ ಮೇಲೆ ಯಾರೋ ಸೈಜುಗಲ್ಲು ಇಟ್ಟು ಹೋದ ಹಾಗೆ. ಊಟ ಸೇರದು. ಯಾರಾದರೂ ಬಾಗಿಲಲ್ಲಿ ಮೇಸ್ತ್ರಿ ಎಂದು ಕೂಗಿದರೆ ಹಿತ್ತಲ ಕಡೆಗೆ ಹೋಗಿ ನಿಲ್ಲುತ್ತಿದ್ದೆ. ಹೆಂಡತಿ ನಂಜುಂಡೇಶ್ವರನಿಗೆ ಹರಕೆ ಕಟ್ಟಿದಳು, ಯಾರೋ ಕೊಟ್ಟ ತಾಯತ ತಂದು ತೋಳಿಗೆ ಕಟ್ಟಿದಳು. ಒಂದಕ್ಕೂ ನಾನು ಬೇಡ ಅನ್ನಲಿಲ್ಲ. ಬೇಡ ಅನ್ನುವುದಕ್ಕೂ ಒಂದು ಶಕ್ತಿ ಬೇಕಲ್ಲ.

ಕೊನೆಗೆ ವಾರಕ್ಕೊಮ್ಮೆ ಸರ್ಕಾರಿ ಆಸ್ಪತ್ರೆಗೆ ಬರುವ ಮನಸ್ಸಿನ ಡಾಕ್ಟರ ಹತ್ತಿರ ಹೋದೆವು. ಮಾತ್ರೆ ಬರೆದುಕೊಟ್ಟರು. ಮಾತ್ರೆ ಅರ್ಧ ಕೆಲಸ ಮಾಡುತ್ತದೆ, ಉಳಿದದ್ದಕ್ಕೆ ನಿಮ್ಮಂಥವರ ಜೊತೆ ಕೂತು ಮಾತಾಡಬೇಕು ಎಂದರು. ನನ್ನಂಥವರು ಎಲ್ಲಿ ಸಿಗುತ್ತಾರೆ ಸಾ ಎಂದು ಕೇಳಿದೆ. ಮೈಸೂರಿನಲ್ಲಿ ಇದ್ದಾರೆ, ಇಲ್ಲಿ ವಿಚಾರಿಸಬೇಕು ಎಂದರು. ಹೊರಗೆ ಚೀಟಿ ಕೊಡುತ್ತಿದ್ದವನು ಇದನ್ನು ಕೇಳಿಸಿಕೊಂಡು, ಭಾನುವಾರ ಸಂಜೆ ಇಲ್ಲೇ ಒಂದು ಸ್ಕೂಲಿನಲ್ಲಿ ಸಂಘ ಸೇರುತ್ತದೆ, ಕಷ್ಟ ಇರುವವರೆಲ್ಲ ಕೂತು ಮಾತಾಡುತ್ತಾರೆ, ಹೋಗಿ ಎಂದ. ಯಾವ ಕಷ್ಟ ಎಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.

ಹೋದೆ. ಗಂಡಸರೇ ಇದ್ದರು, ಮಕ್ಕಳ ಬೆಂಚಿನಲ್ಲಿ ಮಂಡಿ ಮಡಚಿಕೊಂಡು ಕೂತಿದ್ದರು. ಒಬ್ಬ ಎದ್ದು ನಿಂತು, ಬೆಳಿಗ್ಗೆ ಹಾಸಿಗೆಯಿಂದ ಏಳಲಾಗದ್ದು, ಕೈ ನಡುಗುವುದು, ಹೆಂಡತಿಯ ಮುಖ ನೋಡಲಾಗದೆ ಗೋಡೆಗೆ ತಿರುಗಿ ಮಲಗುವುದು, ಎಲ್ಲವನ್ನೂ ಹೇಳಿದ. ನನ್ನ ಸಂಕಟವನ್ನು ಇನ್ನೊಬ್ಬನ ಬಾಯಲ್ಲಿ ಕೇಳಿದ್ದು ಅದೇ ಮೊದಲು. ನನಗೆ ಕಣ್ಣು ತುಂಬಿ ಬಂತು. ಆಮೇಲೆ ಅವನು ಬಾಟಲಿನ ಮಾತಿಗೆ ಬಂದ. ಅವನ ಪಕ್ಕದವನೂ ಬಾಟಲಿನ ಮಾತನ್ನೇ ಆಡಿದ. ಇದು ಕುಡಿತ ಬಿಟ್ಟವರ ಸಂಘ ಎಂದು ತಿಳಿಯುವ ಹೊತ್ತಿಗೆ ನನ್ನ ಸರದಿ ಬಂದಿತ್ತು.

"ನಾನು ಕುಡಿಯಾಕಿಲ್ಲ" ಎಂದೆ.

ಎಲ್ಲರೂ ನಕ್ಕರು. ಹೀಯಾಳಿಸುವ ನಗುವಲ್ಲ, ಮನೆಯವರ ನಗು.

"ಮೊದಲ್ನೇ ದಿವ್ಸ ನಾನೂ ಇದನ್ನೇ ಅಂದೆ ಕಣಣ್ಣ" ಎಂದ ಒಬ್ಬ. "ಬಾಯಿಗೆ ಬರಾಕೆ ಟೈಮ್ ಆಯ್ತದೆ. ಕುಂತ್ಕೊ."

ನನಗೆ ರೋಷ ಬಂತು. ಅಂಗಿಯೊಳಗಿನಿಂದ ಲಿಂಗದ ಕರಡಿಗೆ ಹೊರಗೆ ತೆಗೆದು, ಇದನ್ನು ಕಟ್ಟಿಕೊಂಡವನು ನಾನು, ಒಂದು ತೊಟ್ಟು ಮುಟ್ಟಿದವನಲ್ಲ ಎಂದೆ. ಹಿಂದಿನ ಬೆಂಚಿನವನು ತಾನೂ ಅಂಗಿಯೊಳಗೆ ಕೈ ಹಾಕಿ ತನ್ನ ಕರಡಿಗೆ ತೆಗೆದು ತೋರಿಸಿದ. "ನಂತಾವೂ ಅದೆ, ಬುಡಿ" ಎಂದ. ಹೆಚ್ಚು ಮಾತಾಡಿದಷ್ಟೂ ನಾನು ದೊಡ್ಡ ಕುಡುಕನಾಗುತ್ತಿದ್ದೆ. ಸುಮ್ಮನೆ ಕೂತು ಟೀ ಕುಡಿದೆ.

ಮುಂದಿನ ಭಾನುವಾರವೂ ಹೋದೆ ಎಂದರೆ ನಗುತ್ತೀರಿ. ಹೋಗಲು ಬೇರೆ ಜಾಗ ಇರಲಿಲ್ಲ. ನಾಲ್ಕು ಜನ ಗಂಡಸರು ನಾಚಿಕೆ ಬಿಟ್ಟು ಅಳುವುದನ್ನು ನೋಡಿದರೆ ಎದೆಯ ಮೇಲಿನ ಕಲ್ಲು ಒಂದು ಗಂಟೆ ಪಕ್ಕಕ್ಕೆ ಸರಿಯುತ್ತಿತ್ತು. ಸಂಘ ನಡೆಸುತ್ತಿದ್ದವರು ಬಸ್ಸು ಓಡಿಸಿ ರಿಟೈರಾದ ಒಬ್ಬ ಹಿರಿಯರು. ಅವರು ಒಂದು ದಿನ ನನ್ನನ್ನು ಜಗಲಿಗೆ ಕರೆದು, ನೀವು ಕುಡಿಯುವವರಲ್ಲ ಎಂದು ನನಗೆ ಗೊತ್ತಾಯಿತು, ಕುಡಿಯುವವನು ಇಷ್ಟು ಸಲ ಇಲ್ಲ ಎನ್ನುವುದಿಲ್ಲ ಎಂದರು. ನರಸೀಪುರದಲ್ಲಿ ನಿಮ್ಮ ಕಾಯಿಲೆಯವರೇ ಸೇರುತ್ತಾರೆ, ಅಲ್ಲಿಗೆ ಹೋಗಿ ಎಂದು ದಾರಿ ಹೇಳಿದರು.

ಅಷ್ಟರಲ್ಲಿ ಸುದ್ದಿ ನನಗಿಂತ ಮುಂಚೆ ಊರು ಮುಟ್ಟಿತ್ತು. ಒಳಗೆ ಕೂತವರು ಯಾರೂ ಬಾಯಿ ಬಿಟ್ಟವರಲ್ಲ. ಗೇಟಿನ ಎದುರಿನ ಅಂಗಡಿಯಲ್ಲಿ ನಿಂತಿದ್ದ ನಮ್ಮ ಕಡೆಯವನೊಬ್ಬ ನೋಡಿದ್ದ, ಅಷ್ಟೇ. ಮೇಸ್ತ್ರಿ ಕುಡಿತಕ್ಕೆ ಬಿದ್ದಿದ್ದಾನೆ, ಅದಕ್ಕೇ ತಿಂಗಳುಗಟ್ಟಲೆ ಕೆಲಸಕ್ಕೆ ಬರಲಿಲ್ಲ, ಅದಕ್ಕೇ ಮುಖ ಹಾಗಿದೆ. ಎಲ್ಲವೂ ಸರಿಯಾಗಿ ಹೊಂದಿಕೊಂಡಿತು.

ನಾನು ಸಿಟ್ಟಿಗೇಳಬೇಕಿತ್ತು. ಏಳಲಿಲ್ಲ. ಮಾತ್ರೆಯಿಂದ ಕೈ ಮತ್ತೆ ಕರಣೆಗೆ ಬರತೊಡಗಿದ ಹೊತ್ತಿಗೆ, ಕವಲಂದೆಯಲ್ಲಿ ಅಂಗಡಿ ಇಟ್ಟಿದ್ದ ಒಬ್ಬರು ಹೊಸ ಮನೆ ಕಟ್ಟಿಸಲು ನನ್ನನ್ನು ಕರೆದರು. ಗಾರೆ ಕೆಲಸದವರು ಕುಡಿಯದೆ ಇರುತ್ತಾರಾ, ಸಂಜೆ ಏನಾದರೂ ಮಾಡಿಕೊಳ್ಳಿ, ಹಗಲು ನನ್ನ ಕೆಲಸ ಕೆಡಬಾರದು ಎಂದು ನಗುತ್ತಲೇ ಹೇಳಿ ಪಾಯದಿಂದ ತಾರಸಿಯವರೆಗೆ ಒಪ್ಪಿಸಿದರು. ಅವತ್ತು ನನಗೆ ಅರ್ಥವಾಯಿತು. ಕುಡುಕನಿಗೆ ಕೆಲಸ ಉಂಟು, ಹುಚ್ಚನಿಗೆ ಇಲ್ಲ. ನಮ್ಮ ಪಕ್ಕದೂರಿನಲ್ಲಿ ಒಬ್ಬ ಬಡಗಿ ತಲೆ ಕೆಟ್ಟಿದೆ ಎಂದು ಆಸ್ಪತ್ರೆಗೆ ಹೋಗಿ ಬಂದಿದ್ದ. ಪೂರ್ತಿ ವಾಸಿಯಾಗಿಯೇ ಬಂದಿದ್ದ. ಅವನ ಕೈಗೆ ಮತ್ತೆ ಯಾರೂ ಉಳಿ ಕೊಡಲಿಲ್ಲ. ನಾನು ದಿನವೂ ಗೋಡೆಗೆ ಕಟ್ಟಿದ ಸಾರುವೆ ಹತ್ತುವವನು, ಕೆಳಗೆ ಕೈಯಾಳುಗಳು ನಿಂತಿರುತ್ತಾರೆ.

ಕುಡುಕನೆಂದರೆ ಅನ್ನಲಿ ಎಂದು ಸುಮ್ಮನಾದೆ. ನನ್ನ ಹೆಂಡತಿಗೆ ಸುಮ್ಮನಾಗಲು ಆಗಲಿಲ್ಲ. ನೀರಿನ ಹತ್ತಿರ ಹೆಂಗಸರು ಅವಳಿಗೆ ಜಾಗ ಬಿಟ್ಟುಕೊಟ್ಟು ಅಯ್ಯೋ ಪಾಪ ಅನ್ನುತ್ತಿದ್ದರಂತೆ. ನಿಜ ಏನು ಅಂತ ಹೇಳಬಾರದಾ ಎಂದು ಕೇಳಿದಳು. ಏನಂತ ಹೇಳಲಿ ಎಂದೆ. ಅವಳಿಗೂ ಅದಕ್ಕೊಂದು ಹೆಸರು ಗೊತ್ತಿರಲಿಲ್ಲ.

ನರಸೀಪುರದ ಸಂಘ ಸೇರುತ್ತಿದ್ದದ್ದು ಹೊಲಿಗೆ ಕಲಿಸುವ ಒಂದು ಕೋಣೆಯಲ್ಲಿ. ಮೆಷಿನ್ನುಗಳನ್ನು ಗೋಡೆಗೆ ಒತ್ತಿ ಚಾಪೆ ಹಾಸಿದ್ದರು. ನಡೆಸುತ್ತಿದ್ದವರು ನರ್ಸಾಗಿದ್ದು ರಿಟೈರಾದ ಒಬ್ಬ ಹೆಂಗಸು, ಎಲ್ಲರೂ ಸಿಸ್ಟರ್ ಅನ್ನುತ್ತಿದ್ದರು. ಬಂದವರಲ್ಲಿ ಹೆಂಗಸರೇ ಹೆಚ್ಚು. ಬಸ್ ಸ್ಟ್ಯಾಂಡಿನ ಹತ್ತಿರ ಇಡ್ಲಿ ಮಾರುವ ಒಬ್ಬಾಕೆ, ಹಿಟ್ಟಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬ ಭಯಕ್ಕೇ ಕೈಕಾಲು ತಣ್ಣಗಾಗುತ್ತದೆ ಎಂದು ಹೇಳುತ್ತಾ ಹೇಳುತ್ತಾ ಅತ್ತಳು. ಯಾರೂ ಸಮಾಧಾನ ಮಾಡಲಿಲ್ಲ, ಅಳಲು ಬಿಟ್ಟರು. ನಾನು ಬಾಯಿ ತೆರೆಯಲಿಲ್ಲ. ಮುಗಿದ ಕೂಡಲೇ ಎದ್ದು, ಯಾರ ಮುಖವನ್ನೂ ನೋಡದೆ, ಒಂದು ಮಾತೂ ಆಡದೆ ಚಪ್ಪಲಿ ಮೆಟ್ಟಿದೆ. ಸತ್ತವರ ಮನೆಯಿಂದ ನಾವು ಹಾಗೆ ಹೊರಡುತ್ತೇವೆ, ಹೋಗಿ ಬರುತ್ತೇನೆ ಅನ್ನುವುದಿಲ್ಲ. ಬೇಕೆಂದು ಮಾಡಿದ್ದಲ್ಲ, ಕಾಲು ತಾನಾಗಿ ಹಾಗೆ ಹೊರಟಿತ್ತು.

ಇಡ್ಲಿಯಾಕೆ ಹಿಂದಿನಿಂದ ಕೂಗಿದಳು. "ಯಾಕಣ್ಣ, ಹೇಳ್ದೆ ಓಯ್ತಾ ಇದ್ದೀರಿ? ಇಲ್ಲಿ ಯಾರೂ ಸತ್ತಿಲ್ಲ. ಸಾಯಬಾರ್ದು ಅಂತಲೇ ಕುಂತಿರಾದು."

ನಿಂತು, ಬರುತ್ತೇನಮ್ಮ ಎಂದೆ. ಅಂದ ಮೇಲೆ ಹೋಗಲೇಬೇಕಾಯಿತು. ಶನಿವಾರ ಬಂದರೆ ನರಸೀಪುರಕ್ಕೆ ಹೋಗುವುದು, ಮೂಲೆಯಲ್ಲಿ ಕೂರುವುದು, ಕೇಳಿಸಿಕೊಂಡು ಬರುವುದು. ಬಾಯಿ ಮಾತ್ರ ತೆರೆಯುತ್ತಿರಲಿಲ್ಲ.

ತೆರೆಯುವಂತೆ ಮಾಡಿದವರು ನನ್ನ ಹೆಂಡತಿಯ ಅಣ್ಣ. ಮಠಕ್ಕೆ ನಡೆದುಕೊಳ್ಳುವವರು, ನಾಲ್ಕು ಜನರಲ್ಲಿ ಮಾತು ನಡೆಯುವವರು. ಒಂದು ಬೆಳಿಗ್ಗೆ ಮನೆಗೆ ಬಂದು, ಕಾಫಿಯನ್ನೂ ಮುಟ್ಟದೆ, ನಮ್ಮ ಮನೆಯ ಹೆಣ್ಣುಮಗಳು ತಲೆ ತಗ್ಗಿಸಿಕೊಂಡು ಓಡಾಡುವ ಹಾಗಾಗಿದೆ ಎಂದರು. ಸೋಮವಾರ ಮಠಕ್ಕೆ ಬರಬೇಕು, ಸ್ವಾಮಿಗಳ ಮುಂದೆ ಲಿಂಗ ಮುಟ್ಟಿ ಇನ್ನು ಕುಡಿಯುವುದಿಲ್ಲ ಎಂದು ಪ್ರಮಾಣ ಮಾಡಬೇಕು. ಮಾಡಿದರೆ ಎಲ್ಲರ ಬಾಯಿ ಮುಚ್ಚುತ್ತದೆ, ಮಾಡದಿದ್ದರೆ ತಂಗಿಯನ್ನು ಕರೆದುಕೊಂಡು ಹೋಗುತ್ತೇನೆ. ನಾನು ಆಗಲಿ ಭಾವ ಎಂದೆ. ಹೆಂಡತಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

ಆ ಶನಿವಾರ ನಾನು ಮಾತಾಡಿದೆ. ಮುಟ್ಟದೇ ಇದ್ದದ್ದನ್ನು ಬಿಡುತ್ತೇನೆ ಎಂದು ಪ್ರಮಾಣ ಮಾಡಿದರೆ ಪಾಪ ಬರುತ್ತದಾ ಸಿಸ್ಟರ್ ಎಂದು ಕೇಳಿದೆ. ಎಲ್ಲವನ್ನೂ ಹೇಳಬೇಕಾಯಿತು. ಕರಡಿಗೆ ತೋರಿಸಿದ ಜಾಗಕ್ಕೆ ಬಂದಾಗ ಇಡೀ ಕೋಣೆ ನಕ್ಕಿತು, ನಾನೂ ನಕ್ಕೆ. ಸಿಸ್ಟರ್ ಮಾತ್ರ ನಗದೆ, ಕುಡುಕ ಅನ್ನಿಸಿಕೊಂಡರೆ ನಿಮಗೆ ಸಿಗುವುದೇನು ಎಂದರು. ಕೆಲಸ ಸಿಗುತ್ತದೆ ಎಂದೆ.

"ನಿಮಗೆ ಆ ಪುಣ್ಯನಾದ್ರೂ ಅದೆ" ಎಂದಳು ಇಡ್ಲಿಯಾಕೆ. "ನಾನು ಕುಡ್ದಿದ್ದೆ ಅಂತ ಹೇಳಾಕಾಯ್ತದಾ? ನಂಗೆ ದೆವ್ವ ಮೆಟ್ಕಂಡದೆ ಅಂತಾರೆ. ಬೇವಿನ ಸೊಪ್ಪಲ್ಲಿ ಹೊಡ್ಸವ್ರೆ."

ಏನು ಮಾಡು ಎಂದು ಯಾರೂ ಹೇಳಲಿಲ್ಲ. ಅವರು ಹೇಳುವವರಲ್ಲ. ವಾಪಸು ಬರುವಾಗ ಅವಳ ಬೆನ್ನಿನ ಮೇಲೆ ಬಿದ್ದ ಬೇವಿನ ಸೊಪ್ಪೇ ಕಣ್ಣ ಮುಂದೆ ಬರುತ್ತಿತ್ತು.

ಸೋಮವಾರ ಮಠಕ್ಕೆ ಹೋದೆವು. ಸ್ವಾಮಿಗಳು ವಯಸ್ಸಾದವರು, ಮೆಲ್ಲಗೆ ಮಾತಾಡುವವರು. ಮುಟ್ಟಿ ಹೇಳಪ್ಪ ಎಂದರು. ಕರಡಿಗೆ ಬಿಚ್ಚಿ ಲಿಂಗವನ್ನು ಎಡಗೈಗೆ ತೆಗೆದುಕೊಂಡೆ. ದಿನವೂ ಬೆಳಿಗ್ಗೆ ಪೂಜೆಯಲ್ಲಿ ಹಿಡಿಯುವ ಕೈ. ಒಂದು ಸುಳ್ಳು ಹೇಳಿದರೆ ಸಾರುವೆ, ತಾರಸಿ, ಮಾನ ಎಲ್ಲವೂ ಉಳಿಯುತ್ತಿತ್ತು. ಆ ಸುಳ್ಳಿಗೆ ಬಾಯಿ ಏಳಲಿಲ್ಲ.

"ನಾನು ಕುಡ್ದಿಲ್ಲ, ಬುದ್ಧಿ" ಎಂದೆ. "ನಂಗೆ ಮನಸ್ಸಿನ ಕಾಯಿಲೆ. ಬದುಕಾದೇ ಬ್ಯಾಡ ಅನ್ಸ್‌ತದೆ. ಮಾತ್ರೆ ತಗತೀನಿ. ನರಸೀಪುರದಲ್ಲಿ ನನ್ನಂಗೆ ಇರೋರ ಜೊತೆ ಓಗಿ ಕುಂತ್ಕತೀನಿ."

ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬದುಕು ಬೇಡ ಅನ್ನಿಸುವ ಮಾತನ್ನು ಅವಳೂ ಕೇಳಿದ್ದು ಅವತ್ತೇ. ಸ್ವಾಮಿಗಳು ಮಾತ್ರೆ ನಿಲ್ಲಿಸಬೇಡ ಎಂದು ಹಣೆಗೆ ವಿಭೂತಿ ಹಚ್ಚಿದರು. ಹೊರಗೆ ಬಂದ ಮೇಲೆ ಭಾವ ನನ್ನ ಕಡೆ ನೋಡದೆ ತಂಗಿಗೆ ಹೇಳಿದರು.

"ಕುಡಿತಾನೇ ಆಗಿದ್ರೆ ವಾಸಿ ಇತ್ತು ಕಣವ್ವ. ಬುಡಿಸಬೋದಿತ್ತು."

ಅವಳನ್ನು ಕರೆದುಕೊಂಡು ಹೋಗುವ ಮಾತು ತೆಗೆಯಲಿಲ್ಲ. ಅವಳು ಬೈಕಿನ ಹತ್ತಿರ ಬಂದು ನಿಂತಿದ್ದಳು. ಶನಿವಾರ ಹೆಂಗಸರೂ ಬರುತ್ತಾರಾ ಎಂದು ಮಾತ್ರ ಕೇಳಿದಳು.

ಮಠದಲ್ಲಿ ಆಡಿದ ಮಾತು ಕವಲಂದೆಗೂ ಮುಟ್ಟಿ, ನಾನು ಅಂದುಕೊಂಡಂತೆಯೇ ಆಯಿತು. ಕವಲಂದೆಯ ಮನೆ ಬಾಗಿಲ ಮೇಲಿನ ಲಿಂಟಲ್ ಮಟ್ಟಕ್ಕೆ ಬಂದಿತ್ತು. ಮಾಲೀಕರು ಕೆಟ್ಟವರಲ್ಲ, ಭುಜದ ಮೇಲೆ ಕೈ ಇಟ್ಟು, ಮೇಲೆ ಹತ್ತುವ ಕೆಲಸ ಬೇಡ ಮೇಸ್ತ್ರಿ, ಏನಾದರೂ ಆದರೆ ನನಗೂ ಮಕ್ಕಳಿದ್ದಾರೆ, ಕಾಂಪೌಂಡು ನೀವೇ ಕಟ್ಟಿ ಎಂದರು. ಬೇರೆ ಮೇಸ್ತ್ರಿ ಬಂದ. ನಾನು ಹಾಕಿದ ಪಾಯ, ನಾನು ಎಬ್ಬಿಸಿದ ಗೋಡೆಯ ಮೇಲೆ ಅವನು ಓಡಾಡುತ್ತಿದ್ದ. ನಾನು ಕೆಳಗೆ ನೆಲದ ಮೇಲೆ ಕೂತು ಕಾಂಪೌಂಡಿಗೆ ಕಲ್ಲು ಇಡುತ್ತಿದ್ದೆ. ಕೆಲವು ದಿನ ಕರಣೆ ಬಿಸಾಡಿ ಹೋಗಿಬಿಡೋಣ ಅನ್ನಿಸುತ್ತಿತ್ತು. ಶನಿವಾರದವರೆಗೆ ತಡೆದುಕೊ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಾನು, ಹೆಂಡತಿ ಇಬ್ಬರೂ ಈಗ ಒಟ್ಟಿಗೆ ಹೋಗುತ್ತಿದ್ದೆವು. ಅವಳು ಚಾಪೆಯ ತುದಿಯಲ್ಲಿ ಕೂರುತ್ತಿದ್ದಳು.

ತಾರಸಿಗೆ ಕಾಂಕ್ರೀಟ್ ಹಾಕುವ ದಿನವನ್ನು ನಾವು ಮೋಲ್ಡ್ ಅನ್ನುತ್ತೇವೆ. ಅದು ಮುಗಿದರೆ ಮಾಲೀಕರು ಆಳುಗಳಿಗೆ ಊಟ ಹಾಕಿಸಬೇಕು, ಕುಡಿಯುವವರಿಗೆ ಕುಡಿಯಲೂ ಕೊಡಿಸಬೇಕು. ನನ್ನನ್ನೂ ಕರೆದು ಎಲೆ ಹಾಕಿದರು. ಹೊಸ ಮೇಸ್ತ್ರಿ ಬಾಟಲು ಹಿಡಿದು ಪಂಕ್ತಿಯಲ್ಲಿ ಬರುತ್ತಾ ನನ್ನ ಮುಂದೆ ಬಗ್ಗಿ, ಹಳೇ ಹುಲಿಗೆ ಒಂದಿಷ್ಟು ಜಾಸ್ತಿನೇ ಹಾಕೋಣ ಎಂದು ಲೋಟ ತೆಗೆದುಕೊಂಡ. ಮಾಲೀಕರು ದೂರದಿಂದಲೇ, ಅವರಿಗೆ ಬೇಡ ಕಣಯ್ಯ, ಅವರಿಗೆ ಅದಲ್ಲ, ಬೇರೆ ಎಂದು ಅರ್ಧಕ್ಕೇ ನಿಲ್ಲಿಸಿದರು. ಆಳುಗಳೆಲ್ಲ ಎಲೆ ನೋಡತೊಡಗಿದರು.

"ಮನಸ್ಸಿನ ಕಾಯಿಲೆ ಕಣಪ್ಪ" ಎಂದೆ. "ಕುಡಿತ ಅಲ್ಲ. ಸಾರು ಆ ಕಡೆ ಅದೆ, ಈ ಕಡೆ ಕೊಡು."

ಅವನು ಬಾಟಲು ಕೆಳಗಿಟ್ಟು ಸಾರಿನ ಬಕೆಟ್ ತಂದ. ಎಲೆಯ ಹೊರಗೂ ಒಂದಿಷ್ಟು ಬಡಿಸಿದ. ಯಾರೂ ಎದ್ದು ಹೋಗಲಿಲ್ಲ. ನನಗೆ ಹಸಿವಿರಲಿಲ್ಲ. ಎಲೆ ಖಾಲಿಯಾಗುವವರೆಗೆ ಉಂಡೆ.