ಬಡಿಯುವ ಕಂಬಕ್ಕೆ ಬೆನ್ನು ಕೊಟ್ಟ ಹಿಟ್ಟಿನಕ್ಕ

ಊರು ಇನ್ನೂ ಮಗ್ಗುಲು ಬದಲಿಸುತ್ತಿರುವ ಹೊತ್ತಿಗೆ ಬೇಕರಿಯ ಹಿಂಬಾಗಿಲು ತೆರೆಯುತ್ತದೆ. ಮುಂಬಾಗಿಲಿಗೆ ಗಾಜು, ಬಣ್ಣದ ದೀಪ, ಬ್ರೆಡ್ಡು ಹಿಡಿದು ನಗುವ ಹುಡುಗಿಯ ಚಿತ್ರ. ಹಿಂಬಾಗಿಲಿಗೆ ಬರೀ ತಗಡು. ಒದ್ದರೆ ಮಾತ್ರ ತೆರೆಯುತ್ತದೆ. ಒದ್ದು ಒಳಗೆ ಬರುವವರು ಹಿಟ್ಟಿನಕ್ಕ. ಬಂದವರೇ ಕೆಲಸಕ್ಕೆ ಕೈಹಾಕುವುದಿಲ್ಲ. ಗೋಡೆ ಹಿಡಿದು ನಿಂತು, ಇನ್‌ಹೇಲರ್ ಬಾಯಿಗಿಟ್ಟು ಒತ್ತಿ, ಉಸಿರು ಹಿಡಿದು ಮೆಲ್ಲಗೆ ಬಿಡುತ್ತಾರೆ. ಎದೆಯೊಳಗಿನಿಂದಲೂ ಆ ತಗಡಿನ ಬಾಗಿಲಿನದೇ ಕಿರ್ರೆನ್ನುವ ಸದ್ದು. ಆಮೇಲೆ ಒಂದು ಸ್ಟೂಲು ಎಳೆದು ತಂದು ಹಿಟ್ಟಿನ ಕೋಣೆಯ ನಡುಗಂಬಕ್ಕೆ ಆನಿಸಿ ಇಡುತ್ತಾರೆ. ದಿನದ ಮೊದಲ ಕೆಲಸ ಅದು. ಅದಕ್ಕೆ ಸಂಬಳವಿಲ್ಲ.

ಸಂಬಳವಿರುವ ಕೆಲಸ ಬೇರೆ. ಹಿಟ್ಟಿನ ಚೀಲಗಳ ಬಾಯಿ ಬಿಚ್ಚಿ, ನಾದುವ ಯಂತ್ರದ ಗುಡಾಣಕ್ಕೆ ಸುರಿಯುವುದು. ದಿನಕ್ಕೆ ಇಪ್ಪತ್ತು ಚೀಲ. ರಜೆಯ ಹಿಂದಿನ ದಿನ ಇನ್ನೂ ಹೆಚ್ಚು. ಸುರಿದ ಮೇಲೂ ಚೀಲದ ತಳದಲ್ಲಿ, ಹೊಲಿಗೆಯ ಸಂದಿಯಲ್ಲಿ ಒಂದು ಹಿಡಿ ಹಿಟ್ಟು ಉಳಿಯುತ್ತದೆ. ಆ ಹಿಡಿಯನ್ನು ಬಿಡಬಾರದು ಎಂಬುದು ಈಗಿನ ಮಾಲೀಕರ ಅಪ್ಪ ಹಾಕಿಕೊಟ್ಟ ಪದ್ಧತಿ. ಖಾಲಿ ಚೀಲವನ್ನು ಒಳಗು ಹೊರಗು ಮಾಡಿ, ಎರಡೂ ಕೈಯಲ್ಲಿ ಹಿಡಿದು, ಕಲ್ಲಿಗೆ ಬಟ್ಟೆ ಒಗೆದಂತೆ ಆ ನಡುಗಂಬಕ್ಕೆ ಬಡಿಯಬೇಕು. ಕೆಳಗೆ ಹಾಸಿದ ತಗಡಿನ ಮೇಲೆ ಬಿದ್ದಷ್ಟು ಮಾಲೀಕರಿಗೆ, ಗಾಳಿಯಲ್ಲಿ ತೇಲಿದಷ್ಟು ಬಡಿದವರಿಗೆ. ಹಂಚಿಕೆಯಲ್ಲಿ ಎಂದೂ ತಕರಾರು ಬಂದಿರಲಿಲ್ಲ. ಬಡಿದೂ ಬಡಿದೂ ಕಂಬದ ಗಾರೆ ಸೊಂಟದ ಎತ್ತರದಲ್ಲಿ ನುಣ್ಣಗಾಗಿ ಹೊಳೆಯುತ್ತದೆ.

ಮೊದಮೊದಲು ಹಿಟ್ಟಿನಕ್ಕನಿಗೆ ಬರೀ ಸೀನು. ಆಮೇಲೆ ಕಣ್ಣುರಿ, ಮೂಗಿನ ತುರಿಕೆ. "ಅಕ್ಕಾ, ನಿನ್ನ ಸೀನಿಗೆ ನನ್ನ ಒಲೆ ಆರಿಹೋಗುತ್ತೆ, ಆ ಕಡೆ ತಿರುಗಿ ಸೀನು" ಎಂದು ಒಲೆ ನೋಡಿಕೊಳ್ಳುವ ಒಲೆಯಣ್ಣ ಛೇಡಿಸುತ್ತಿದ್ದ. ವರ್ಷಗಳು ಕಳೆದ ಮೇಲೆ ಒಂದು ದಿನ ಚೀಲ ಬಡಿಯುತ್ತಲೇ ಉಸಿರು ಕಟ್ಟಿತು. ಹೊರಗೆ ಹೋಗುತ್ತಿರುವ ಗಾಳಿ ಬಾಗಿಲಲ್ಲೇ ಸಿಕ್ಕಿಕೊಂಡ ಹಾಗೆ.

ಮಾಲೀಕರಿಗೆ ಹೇಳಿದರು. "ಹಿಟ್ಟೇನು ವಿಷನಾ? ಊರೆಲ್ಲಾ ಅದನ್ನೇ ತಿಂತಿದೆ" ಎಂದರು ಮಾಲೀಕರು.

"ತಿನ್ನೋ ವಸ್ತು ಅಂತ ಮೂಗಿಗೆ ಬಡಿಸ್ತಾರಾ?" ಎಂದು ಹಿಟ್ಟಿನಕ್ಕ ಕೇಳಿದ್ದು ಮಾಲೀಕರ ಮುಂದೆ ಅಲ್ಲ, ಮನೆಗೆ ಬಂದು, ಪಾತ್ರೆಗಳ ಹತ್ತಿರ. "ಅಲ್ಲಿ ಮಾತಾಡೋಕೆ ಉಸಿರೆಲ್ಲಿತ್ತು?" ಎನ್ನುತ್ತಾರೆ ಈಗ.

ಮಾಲೀಕರ ಕೈಯಲ್ಲಿ ಇನ್ನೊಂದು ತುರುಪಿನ ಎಲೆ ಇತ್ತು. "ಹತ್ತು ಜನ ಅದೇ ಗಾಳಿ ಕುಡೀತಾರೆ. ಒಬ್ಬಳಿಗೇ ಉಬ್ಬಸ ಅಂದ್ರೆ ದೋಷ ಗಾಳಿಯದಾ, ಆ ಒಬ್ಬಳದಾ?" ಕೇಳಲು ಎಷ್ಟು ಚೆನ್ನ! ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಇದಕ್ಕೆ ಉತ್ತರ ಕೊಟ್ಟಿದ್ದಾರೆ, ಆದರೆ ಮಾಲೀಕರು ಆಸ್ಪತ್ರೆಯ ಕಡೆ ತಲೆಹಾಕುವವರಲ್ಲ. "ಎಲ್ಲರ ಮೈಯೂ ಒಂದೇ ಥರ ಅಲ್ಲಮ್ಮ. ಕೆಲವರ ಮೈ ಹಿಟ್ಟಿನ ಧೂಳನ್ನ ಶತ್ರು ಅಂತ ಗುರುತು ಹಿಡಿಯುತ್ತೆ. ಅದಕ್ಕೆ ವರ್ಷಗಟ್ಟಲೆ ಬೇಕಾಗಬಹುದು. ಧೂಳು ಹೆಚ್ಚಿದ್ದಷ್ಟೂ ಹಾಗಾಗೋ ಸಾಧ್ಯತೆ ಹೆಚ್ಚು. ಒಮ್ಮೆ ಗುರುತು ಹಿಡಿದ ಮೇಲೆ ಚಿಟಿಕೆ ಸಾಕು, ಎದೆಯೊಳಗಿನ ದಾರಿಗಳೆಲ್ಲ ಬಿಗಿದುಕೊಳ್ತವೆ" ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು.

ಒಂದು ವಿಷಯ ಮಾತ್ರ ಡಾಕ್ಟರಮ್ಮನಿಗೂ ಬಗೆಹರಿಯಲಿಲ್ಲ. ಇಂಥ ಕಾಯಿಲೆಯವರಿಗೆ ರಜೆಯ ದಿನ ಕೊಂಚ ಹಗುರಾಗುತ್ತದೆ. ಹಿಟ್ಟಿನಕ್ಕನಿಗೆ ರಜೆಯೂ ಒಂದೇ, ಕೆಲಸವೂ ಒಂದೇ. "ಮನೇಲಿ ಬೆಕ್ಕಿದೆಯಾ? ಗೋಡೆಗೆ ಬೂಷ್ಟು? ಮಲಗೋದು ಯಾವುದರ ಮೇಲೆ?" ಎಂದು ಕೇಳುತ್ತಾ ಬಂದಾಗ ಹಿಟ್ಟಿನಕ್ಕ ಹೆಮ್ಮೆಯಿಂದಲೇ ಹೇಳಿದರು: "ಒಳ್ಳೇ ದಿಂಬು ಡಾಕ್ಟ್ರೇ. ನನ್ನ ಮಗಳೇ ಹೊಲಿದದ್ದು. ಹಿಟ್ಟಿನ ಚೀಲದ ಬಟ್ಟೇಲಿ."

ಬೇಕರಿಯವರ ಮನೆಗಳಲ್ಲಿ ಇದೊಂದು ಭಾಗ್ಯ. ಹರಿದ ಚೀಲ ಪುಕ್ಕಟೆ. ಬಟ್ಟೆ ಬಿಳಿ, ಮೆದು, ಗಟ್ಟಿ. ಕೈಚೌಕ, ಲಂಗದ ಅಸ್ತರಿ, ದಿಂಬಿನ ಗವಸು, ಎಲ್ಲ ಅದರದ್ದೇ. ಗವಸನ್ನು ಒಗೆಯುತ್ತಿದ್ದರು. ಒಳಗೆ ತುಂಬಿದ್ದೂ ಚೀಲದ ಚೂರುಗಳೇ. ಅದನ್ನು ಯಾರು ಒಗೆಯುತ್ತಾರೆ? ಕೆಲಸದಲ್ಲಿ ಧೂಳಿಗೆಂದು ಮೂಗಿಗೆ ಕಟ್ಟುತ್ತಿದ್ದ ಬಟ್ಟೆಯೂ ಅದೇ, ಕೊಡವಿ ಕೊಡವಿ ಮತ್ತೆ ಕಟ್ಟಿದ್ದು. ಕಳ್ಳನಿಗೆ ಹೆದರಿ ಕಳ್ಳನನ್ನೇ ಕಾವಲಿಗಿಟ್ಟ ಹಾಗೆ. "ನಿದ್ದೆಯಲ್ಲೂ ಡ್ಯೂಟಿ ಮಾಡಿದ್ದೀನಿ, ಓವರ್‌ಟೈಮ್ ಯಾರು ಕೊಡ್ತಾರೆ?" ಎಂದು ಹಿಟ್ಟಿನಕ್ಕ ನಗುತ್ತಾರೆ. ಹೊಲಿಗೆ ಕೆಲಸದ ಮಗಳಿಗೆ ಇನ್ನೂ ನಗು ಬಂದಿಲ್ಲ. "ಅಮ್ಮನ ಮೂಗಿನ ಕೆಳಗೆ ನಾನೇ ಅದನ್ನ ಹೊಲಿದಿಟ್ಟೆ" ಎನ್ನುತ್ತಾಳೆ. ಆ ದಿಂಬನ್ನು ಅವಳೇ ಎಸೆದಳು. ಹತ್ತಿಯ ದಿಂಬು ಬಂದ ಮೇಲೆ ರಜೆಯ ದಿನ ಹಿಟ್ಟಿನಕ್ಕ ಮನೆಯ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿದರು. ಮರುದಿನ ಬೇಕರಿಗೆ ಹೋದರು. ಎದೆ ಮತ್ತೆ ಕಿರ್ರೆಂದಿತು. ದೋಷ ಯಾರದೆಂದು ಅಂದು ತೀರ್ಮಾನವಾಯಿತು.

"ಗಾಳಿ ಸರಿಯಿಲ್ಲ" ಎಂದು ಮತ್ತೆ ಮಾಲೀಕರ ಹತ್ತಿರ ಹೋದರು. ಗಾಳಿ ತಾನೇ? ಮರುದಿನವೇ ಗೋಡೆಗೊಂದು ಫ್ಯಾನು ಬಂತು! ಮೂಲೆ ಮೂಲೆಯಲ್ಲಿ ತೆಪ್ಪಗೆ ಕೂತಿದ್ದ ಹಿಟ್ಟೆಲ್ಲ ಎದ್ದು ಕೋಣೆ ತುಂಬ ಮಂಜು ಕವಿಯಿತು. ಮಾಲೀಕರು ಬಾಗಿಲಲ್ಲೇ ನಿಂತು, ಮೂಗಿಗೆ ಕರವಸ್ತ್ರ ಹಿಡಿದು, "ಈಗ ಆರಾಮಾ?" ಎಂದು ಕೇಳಿದರು. ಅವರ ಕರವಸ್ತ್ರ ಚೀಲದ ಬಟ್ಟೆಯದಲ್ಲ.

ಪಕ್ಕದ ಪ್ಯಾಕಿಂಗ್ ಕೋಣೆಯಲ್ಲಿ ಧೂಳಿಲ್ಲ. ಬೆಂದು ಆರಿದ ಬ್ರೆಡ್ಡು, ಬನ್ನು, ಕಾಗದದ ಚೀಲ. ಚೀಲದ ಮೇಲೆ "ಉಸಿರಿನಷ್ಟು ಹಗುರ" ಎಂಬ ಬರಹ. ಅಲ್ಲಿಗೆ ಹಾಕಿ ಎಂದು ಹಿಟ್ಟಿನಕ್ಕ ಕೇಳಿದರು. "ಕೆಮ್ಮೋಳು ಪ್ಯಾಕ್ ಮಾಡೋದನ್ನ ಗಿರಾಕಿ ನೋಡಿದ್ರೆ ಮುಗೀತು. ಮೊದಲು ಕೆಮ್ಮು ನಿಲ್ಲಲಿ" ಎಂದರು ಮಾಲೀಕರು. ಹಿಟ್ಟು ಕೊಟ್ಟ ಕೆಮ್ಮು ಹಿಟ್ಟಿಲ್ಲದ ಕೋಣೆಗೆ ಬಿಡುವುದಿಲ್ಲ. "ಹುಚ್ಚು ಬಿಡೋವರೆಗೆ ಮದುವೆ ಆಗಲ್ಲ, ಮದುವೆ ಆಗೋವರೆಗೆ ಹುಚ್ಚು ಬಿಡಲ್ಲ ಅಂತಾರಲ್ಲ, ಆ ಮದುವೆ ನಂದು" ಎನ್ನುತ್ತಾರೆ ಹಿಟ್ಟಿನಕ್ಕ. ಕೆಲಸ ಬಿಡಿ ಎನ್ನುವುದು ಸುಲಭ. ಹಾಗೆನ್ನುವವರು ಮನೆ ಬಾಡಿಗೆಯ ದಿನ ಬರುವುದಿಲ್ಲ.

ಕೊನೆಗೆ ಅವರೇ ಬಡಿಯುವುದನ್ನು ನಿಲ್ಲಿಸಿದರು. ಚೀಲದ ಬಾಯಿಯನ್ನು ಗುಡಾಣದ ಒಳಗೆ ಆಳಕ್ಕೆ ಇಳಿಸಿ, ತಳದಿಂದ ಮೆಲ್ಲಗೆ ಸುರುಳಿ ಸುತ್ತುತ್ತಾ ಬರುವುದು. ಉಳಿದ ಹಿಡಿ ಹಿಟ್ಟು ಸುರುಳಿಯೊಳಗೇ ಇರಲಿ. ಪೊರಕೆ ಬಿಟ್ಟು ಒದ್ದೆ ಬಟ್ಟೆ ಹಿಡಿದರು. ಫ್ಯಾನಿನ ವೈರು ಹೇಗೋ ಕಿತ್ತುಹೋಯಿತು. ಕೆಲವು ವಾರ ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಒಂದು ಬೆಳಗ್ಗೆ ದಪ್ಪದಪ್ಪ ಸುರುಳಿಗಳು ಮಾಲೀಕರ ಕಣ್ಣಿಗೆ ಬಿದ್ದವು. "ನನ್ನ ಹಿಟ್ಟು ಕಸಕ್ಕಾ? ಬಡೀಬೇಕು ಅಂದ್ರೆ ಬಡೀಬೇಕು." ಹಿಟ್ಟಿನಕ್ಕನ ಮುಖ ನೋಡಿ ಕರುಣೆ ಉಕ್ಕಿರಬೇಕು: "ನೀನು ಬೇಡ, ಒಲೆಯವನು ಬಡೀಲಿ. ನೀನು ಪಕ್ಕದಲ್ಲಿ ನಿಂತ್ಕೋ." ಬಡಿದದ್ದು ಯಾರೆಂದು ವಿಚಾರಿಸಿ ಧೂಳು ಮೂಗಿಗೆ ಹೋಗುತ್ತದೇನೋ!

ಒಲೆಯಣ್ಣ ಚೀಲ ಎತ್ತಿಕೊಂಡ. ಹಿಟ್ಟಿನಕ್ಕ ಹೋಗಿ ಕಂಬಕ್ಕೆ ಬೆನ್ನು ಕೊಟ್ಟು ನಿಂತರು.

"ಬಡಿ. ನನ್ನ ಮೇಲೇ ಬಡಿ. ಹೇಗಿದ್ರೂ ಕೊನೆಗೆ ಹೋಗೋದು ನನ್ನೊಳಗೇ ತಾನೇ?"

"ಕೆಲಸ ಬೇಕೋ ಬೇಡವೋ ನಿನಗೆ?" ಮಾಲೀಕರು ಗದರಿದರು. ಹಿಟ್ಟಿನಕ್ಕ ಬೆನ್ನನ್ನು ಕಂಬಕ್ಕೆ ಇನ್ನಷ್ಟು ಒತ್ತಿ ನಿಂತರು.

ಆಗ ಒಲೆಯಣ್ಣ ಸೀನಿದ. ಒಂದಲ್ಲ, ಸಾಲು ಸಾಲು. ಎಷ್ಟೋ ತಿಂಗಳಿಂದ ಅವನು ಶೀತ, ಹೊಗೆ ಎಂದು ನೆಪ ಹೇಳಿ ಒಲೆಯ ಹಿಂದೆ ಮುಚ್ಚಿಟ್ಟುಕೊಂಡಿದ್ದ ಸೀನು. ಕೋಣೆಯಲ್ಲಿದ್ದವರೆಲ್ಲ ನೋಡಿದರು. ಮಾಲೀಕರೂ ನೋಡಿದರು. ಒಲೆಯಣ್ಣ ಕಣ್ಣೊರೆಸಿಕೊಂಡು, ಚೀಲವನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. "ಓನರ್ರೇ, ಒಲೆ ಕಾದಿದೆ, ಬ್ರೆಡ್ಡು ಕಾಯಲ್ಲ" ಎಂದು ಹೇಳಿ ನಡೆದುಬಿಟ್ಟ.

ಮಾಲೀಕರು ಆಜ್ಞೆ ಹಿಂತೆಗೆದುಕೊಳ್ಳಲಿಲ್ಲ. ಇನ್ನೊಮ್ಮೆ ಹೇಳಲೂ ಇಲ್ಲ. ಅಂದಿನಿಂದ ದಿನಾ ಬೆಳಗ್ಗೆ ಆ ಸ್ಟೂಲು ಕಂಬದ ಬುಡಕ್ಕೆ ಬರುತ್ತದೆ.

ಇದನ್ನು ಗೆಲುವು ಎನ್ನುವುದು ಬೇಡ. ಧೂಳು ಕಡಿಮೆಯಾಗಿದೆ, ಹೋಗಿಲ್ಲ. ಹಿಟ್ಟಿನಿಂದ ಪೂರ್ತಿ ದೂರವಾಗದೆ ಈ ಎದೆ ಸರಿಹೋಗದು ಎಂದು ಡಾಕ್ಟರಮ್ಮ ಹೇಳುತ್ತಲೇ ಇದ್ದಾರೆ. ಪ್ಯಾಕಿಂಗ್ ಕೋಣೆ ಇರುವುದು ಒಂದು ಗೋಡೆಯಾಚೆ. ಬಾಗಿಲೂ ಇದೆ, ಬೀಗವಿಲ್ಲ. ಹಿಟ್ಟಿನಕ್ಕ ಪ್ರತಿ ಸಂಬಳದ ದಿನ ಕೇಳುತ್ತಾರೆ, ಮಾಲೀಕರು ಪ್ರತಿ ಸಲ "ನೋಡೋಣ" ಎನ್ನುತ್ತಾರೆ. ಈಗ ಒಲೆಯಣ್ಣನೂ ಅವರ ಪಕ್ಕದಲ್ಲಿ ನಿಂತು ಕೇಳುತ್ತಾನೆ.

ಕೊನೆಯ ಚೀಲ ಸುತ್ತಿಟ್ಟು ಹಿಟ್ಟಿನಕ್ಕ ಸ್ಟೂಲಿನ ಮೇಲೆ ಕೂರುತ್ತಾರೆ. ಹೊರಗೆ ಬೆಳಕು ಹರಿದಿದೆ. ಮುಂಬಾಗಿಲಲ್ಲಿ ಬಿಸಿ ಬ್ರೆಡ್ಡಿಗೆ ಸಾಲು ನಿಂತಿದೆ. ಅವರ ಬೆನ್ನು ಕಂಬದ ನುಣುಪಿಗೆ ಸರಿಯಾಗಿ ಕೂತಿದೆ.

"ನಾನು ಇಲ್ಲಿ ಕೂತಿರೋವರೆಗೆ ಯಾರೂ ಬಡಿಯಲ್ಲ" ಎನ್ನುತ್ತಾರೆ. ಒಂದು ಉಸಿರು ಎಳೆದುಕೊಂಡು ಮುಂದುವರಿಸುತ್ತಾರೆ: "ಒಂದಲ್ಲ ಒಂದು ದಿನ ನನ್ನನ್ನ ಗೋಡೆಯ ಆ ಕಡೆ ಕಳಿಸ್ತಾರೆ. ಆಗ ಬರೀ ಕೈಯಲ್ಲಿ ಹೋಗ್ತೀನಿ. ಸ್ಟೂಲು ಮಾತ್ರ ಇಲ್ಲೇ ಇರುತ್ತೆ, ನನ್ನ ಜಾಗಕ್ಕೆ ಬರೋರಿಗೆ."